ಉಡಿ ಅಕ್ಕಿ

ನೀಲಾ ಗ್ರಾಮ ಪಂಚಾಯಿತಿಗೆ ಆರಿಸಿ ಬಂದು ಎರಡೂವರೆ ವರ್ಷವಾಗಿತ್ತು. ಆದರೆ ಬಿಳಿಜಾಲಿಯಲ್ಲಿ ಮೆಂಬರ್ ಎಂದರೆ ಅವಳ ಮಾವ ಗುರುಶಿದ್ದಪ್ಪನೇ. ಅವನು ಚಹಾದಂಗಡಿಯ ಮುಂದೆ ಹಾದರೆ ಕುಳಿತವರು ‘ಬರ್ರಿ ಮೆಂಬರ್ರ’ ಎಂದು ಜಾಗ ಬಿಡುತ್ತಿದ್ದರು. ಅವನಾದರೂ ಒಂದು ದಿನವೂ ‘ಮೆಂಬರ್ ನಾನಲ್ಲಪಾ, ನನ್ನ ಸೊಸಿ’ ಎಂದು ತಿದ್ದಿದವನಲ್ಲ. ಸಭೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೋಪಿ ಝಾಡಿಸಿ ಇಟ್ಟುಕೊಂಡು ಅವನು ಮುಂದೆ ಹೋಗುವುದು, ಸೆರಗು ಹೊದ್ದು ನೀಲಾ ಹಿಂದೆ ಹೋಗುವುದು ರೂಢಿಯಾಗಿತ್ತು. ಅಲ್ಲಿ ಅವಳ ಕೆಲಸ ಸಹಿ ಮಾಡುವುದು, ಕೊಟ್ಟ ಚಹಾ ಕುಡಿಯುವುದು. ಮಾತೆಲ್ಲ ಮಾವನದು.

ಶಿರಗುಪ್ಪಿ ದಾಟಿ ಒಳಗೆ ತಿರುಗಿದರೆ ಸಿಗುವ ಈ ಊರಲ್ಲಿ ಇದನ್ನು ಯಾರೂ ವಿಶೇಷವೆಂದು ತಿಳಿದಿರಲಿಲ್ಲ. ಒಂಬತ್ತು ಮೆಂಬರುಗಳಲ್ಲಿ ಐವರು ಹೆಂಗಸರು. ಸಭೆಗೆ ಬರುವ ಗಂಡಸರು ಮಾತ್ರ ಎಂಟು. ಮೀರಾಬಿ ಒಬ್ಬಳೇ ಗಂಡಸರಿಲ್ಲದೆ ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಬಳೆಯ ಬುಟ್ಟಿ ಹೊತ್ತು ಹತ್ತೂರು ತಿರುಗಿದ ಹೆಂಗಸು ಅವಳು. ಬಾಯಿ ಗಟ್ಟಿ, ಎದೆಯೂ ಗಟ್ಟಿ.

ನೀಲಾ ಸಭೆಯಲ್ಲಿ ಬಾಯಿ ಬಿಟ್ಟಿದ್ದು ಒಂದೇ ಸಲ. ಅವರ ಪ್ಲಾಟ್ ಓಣಿಯ ಮನೆಗಳಿಗೆ ಸರಕಾರದವರು ಕಟ್ಟಿಸಿಕೊಟ್ಟ ಪಾಯಖಾನೆಗಳಿದ್ದವು. ನೀರಿಲ್ಲದ್ದಕ್ಕೆ ಎಲ್ಲರೂ ಅವುಗಳಲ್ಲಿ ಹೊಟ್ಟು, ಸೆಗಣಿ ಕುಳ್ಳು ತುಂಬಿದ್ದರು. ಬೆಳಕು ಹರಿಯುವ ಮೊದಲೇ ಹೆಂಗಸರೆಲ್ಲ ತಂಬಿಗೆ ಹಿಡಿದು ಡಾಂಬರು ರಸ್ತೆಯ ಪಕ್ಕದ ತಗ್ಗಿಗೆ ಹೋಗಬೇಕು. ಲಾರಿಯ ಲೈಟು ಬಿದ್ದರೆ ಎದ್ದು ನಿಲ್ಲಬೇಕು, ಕತ್ತಲಾದರೆ ಕೂಡಬೇಕು. ನೀಲಾಳ ಮಗಳು ಸೃಷ್ಟಿ ಶಾಲೆಯಲ್ಲಿ ಏಳನೇ ಇಯತ್ತೆಗೆ ಬಂದಿದ್ದಳು. ಅವಳು ಹಾಗೆ ಎದ್ದು ನಿಂತಾಗೆಲ್ಲ ನೀಲಾ ಸೆರಗು ಹರಡಿ ಅಡ್ಡ ನಿಲ್ಲುತ್ತಿದ್ದಳು. ಅದಕ್ಕೇ ಒಂದು ಸಭೆಯಲ್ಲಿ ಎದ್ದು ನಿಂತು, “ಓಣಿ ಹೆಣ್ಮಕ್ಕಳಿಗೆ ನೀರು ಇರೂವಂಥಾ ಪಾಯಖಾನಿ ಕಟ್ಟಸ್ರಿ” ಎಂದುಬಿಟ್ಟಿದ್ದಳು. ಮೆಂಬರ್ ಸೊಸೆಯ ಜೊತೆ ಬಂದಿದ್ದ ಊರ ಸಿರಿವಂತ ಕುಬೇರಪ್ಪ ಸಾವುಕಾರ ನಕ್ಕು, “ಇಂಥಾ ಸುದ್ದಿ ಮನ್ಯಾಗ ಮಾತಾಡ್ಕೋರಿ ತಂಗಿ” ಎಂದಿದ್ದ. ಗುರುಶಿದ್ದಪ್ಪ ಸೊಸೆಯ ಕಡೆ ಕಣ್ಣು ಬಿಟ್ಟಿದ್ದ. ಮೀರಾಬಿ ಮಾತ್ರ ಟೇಬಲ್ ಗುದ್ದಿ, “ಮನ್ಯಾಗ ಇದ್ದಿದ್ರ ಮನ್ಯಾಗ ಮಾತಾಡ್ತಿದ್ವಿ. ಇಲ್ಲಂತನಽ ಇಲ್ಲಿ ಕೇಳಾಕತ್ತೀವಿ” ಎಂದಿದ್ದಳು. ಅಂದಿನಿಂದ ಇಬ್ಬರಿಗೂ ಗೆಳೆತನ ಬಿದ್ದಿತ್ತು.

ಈಗ ಎರಡನೆಯ ಅವಧಿಗೆ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿ ಬಂತು. ಮೀರಾಬಿ ನಿಲ್ಲುವುದೆಂದು ಠರಾಯಿಸಿದಳು. ಎದುರಿಗೆ ಕುಬೇರಪ್ಪನ ಸೊಸೆ ಶಾಂಭವಿ. ಮೀರಾಬಿಯ ಕಡೆ ಅವಳೂ ಸೇರಿ ಐವರು: ನೀಲಾ, ಮೇಲಿನ ಓಣಿಯ ದಾಕ್ಷಾಯಿಣಿ, ಮತ್ತಿಬ್ಬರು ಗಂಡಸರು. ಕುಬೇರಪ್ಪನ ಕಡೆ ನಾಲ್ವರು. ಒಬ್ಬರು ಆಚೆ ಸರಿದರೆ ಮುಗಿಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಗುರುಶಿದ್ದಪ್ಪ ರೊಟ್ಟಿ ಮುರಿಯುತ್ತ ಹೇಳಿದ, “ನೀಲವ್ವಾ, ಸಾವ್ಕಾರ್ರು ಸೊಸೀನ್ನ ನಿಂದರಸಾಕತ್ತಾರ. ನಮ್ಮ ಓಟು ಅವರಿಗೇ.”

ನೀಲಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. “ನಾ ಮೀರಕ್ಕಗ ಮಾತು ಕೊಟ್ಟೇನ್ರಿ ಮಾವಾರ.”

“ಯಾರನ್ನ ಕೇಳಿ ಕೊಟ್ಟಿ?”

“ಓಟು ನಂದಲ್ಲೇನ್ರಿ?”

ಅವಳ ಗಂಡ ಮೈಲಾರಿ ತಲೆ ಎತ್ತದೆ, “ಓಟು ನಿಂದು. ಗಾಡಿ ಯಾರ್ದು?” ಎಂದ. ಅವನು ಓಡಿಸುವ ಗೂಡ್ಸ್ ಗಾಡಿ ಕುಬೇರಪ್ಪನದು. ಉಳ್ಳಾಗಡ್ಡಿ, ಹತ್ತಿ ಹೇರಿಕೊಂಡು ದಿನವೂ ಹುಬ್ಬಳ್ಳಿಯ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದ. “ನಾಳೆ ಕೀಲಿ ಕೊಡು ಅಂದ್ರ ನಾ ಏನ್ ಮಾಡ್ಲಿ? ನಿನ್ನ ಮೀರಕ್ಕನ ಬಳೆ ಬುಟ್ಟಿ ಹೊರ್ಲೇನು?”

“ಹಂಗ್ಯಾಕ ಅಂತೀರಿ? ನಿಮ್ಮ ಮಗಳು ದಿನಾ ಮುಂಜಾನೆ ಎಲ್ಲಿ ಹೊಕ್ಕಾಳ, ಗೊತ್ತೈತಿಲ್ಲೋ?”

“ಊರ ಹೆಣ್ಮಕ್ಕಳೆಲ್ಲಾ ಹೊಕ್ಕಾರ.”

“ಶಾಂಭವಿ ಹೋಗಂಗಿಲ್ಲ.”

ಗುರುಶಿದ್ದಪ್ಪ ಗಂಗಾಳ ಸರಿಸಿದ. “ಉಣ್ಣಾಗ ಅದರ ಮಾತು ತಗಿಬ್ಯಾಡ. ನಿನ್ನ ನಿಂದರಿಸಿದಾಂವ ನಾ, ಮನಿಮನಿಗೆ ತಿರುಗಿ ಕೈ ಮುಗದಾಂವ ನಾ.”

“ಮುಗಿದೀರಿ, ಅಲ್ಲನ್ನಂಗಿಲ್ರಿ. ಆದ್ರ ಚೀಟಿ ಹಾಕಾಕ ನನ್ನನ್ನಽ ಕರೀತಾರಲ್ರಿ.”

ಅತ್ತೆ ಹುಲಿಗೆವ್ವ ನಡುವೆ ಬಾಯಿ ಹಾಕಿ, “ಇನ್ನೊಂದು ರೊಟ್ಟಿ ಹಾಕು ನೀಲಾ, ಇಬ್ರೂ ಅರ್ಧಾಕ ಏಳಾಕತ್ತಾರ” ಎಂದಳು. ಯಾರೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಲಿಲ್ಲ.

ಮುಂದಿನ ಶುಕ್ರವಾರ ಕುಬೇರಪ್ಪನ ಹೆಂಡತಿ ದಾನವ್ವ ಪ್ಲಾಟ್ ಓಣಿಗೆ ಬಂದಳು. ಹಿಂದೆ ಇಬ್ಬರು ಹೆಂಗಸರು ಹರಿವಾಣ ಹಿಡಿದಿದ್ದರು. ಓಣಿಯ ಬಾಗಿಲುಗಳಲ್ಲೆಲ್ಲ ತಲೆಗಳು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ನೀಲಾಳ ಬಳಿ ಸೃಷ್ಟಿ ಓಡಿ ಬಂದು, “ಅವ್ವಾ, ಸಾವ್ಕಾರ್ತಿ ಉಡಿ ತಂದಾಳ. ನಿನಗಂತ!” ಎಂದಳು.

ನೀಲಾಳ ಕೈ ನಿಂತಿತು. ಈ ಊರಲ್ಲಿ ಇಲೆಕ್ಷನ್ ಬಂದರೆ ಗಂಡಸರಿಗೆ ದೇವರ ಭಂಡಾರ ಮುಟ್ಟಿಸಿ ಆಣೆ ಮಾಡಿಸುತ್ತಾರೆ, ಹೆಂಗಸರಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಮೇಲೊಂದು ಕುಪ್ಪಸದ ಖಣ. ಸೆರಗೊಡ್ಡಿ ಹಿಡಿದವಳು ಓಟು ಬೇರೆಯವರಿಗೆ ಹಾಕುವಂತಿಲ್ಲ. ಹಿಡಿಯುವುದಿಲ್ಲ ಎಂದು ಬಾಗಿಲಿಗೆ ಬಂದ ಮುತ್ತೈದೆಯನ್ನು ಕಳಿಸುವಂತೆಯೂ ಇಲ್ಲ. ಅದು ಅವಳಿಗೆ ಕೇಡು ಬಯಸಿದ ಹಾಗೆ. ಓಟು ಕಸಿದುಕೊಳ್ಳಲು ಇದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲ.

ಕೈಯ ಬೂದಿ ತೊಳೆಯುವಷ್ಟರಲ್ಲಿ ನೀಲಾಗೆ ಒಂದು ಉಪಾಯ ಹೊಳೆಯಿತು. ಪಡಸಾಲೆಯ ಬಾಗಿಲವರೆಗೆ ಬಂದು ಹೊರಗೇ ನಿಂತಳು. “ಬರ್ರಿ ಅವ್ವಾರ. ನಾ ಹೊರಗಾಗೇನ್ರಿ. ಉಡಿ ಹಿಡ್ಯಾಕ ಬರಂಗಿಲ್ಲ.”

ಹರಿವಾಣ ಹಿಡಿದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಪಡಸಾಲೆಯಲ್ಲಿ ಕುಳಿತಿದ್ದ ದಾನವ್ವನ ಮುಖ ಸಣ್ಣದಾಯಿತು. “ಹಂಗಂದ್ರ ಏನ್ ಮಾಡೂದವಾ? ಮತ್ತೊಮ್ಮೆ ಬರ್ತೀವಿ” ಎಂದು ಏಳಲು ಹೋದಳು. ನೀಲಾಗೆ ಒಳಗೊಳಗೇ ಹಿಗ್ಗಾಯಿತು. ಮತ್ತೊಮ್ಮೆ ಬರುವಷ್ಟರಲ್ಲಿ ಇನ್ನೊಂದು ನೆಪ ಸಿಗದೇ ಇರುತ್ತದೆಯೇ ಎಂದುಕೊಂಡಳು. ಆದರೆ ಅತ್ತೆಯ ಲೆಕ್ಕ ಅವಳು ಹಾಕಿರಲಿಲ್ಲ.

ಹುಲಿಗೆವ್ವ ಲಗ್ನವಾಗಿ ಈ ಮನೆಗೆ ನಡೆಯಲು ಬಂದಾಗಿನಿಂದ ದಾನವ್ವನ ಹೊಲದಲ್ಲಿ ಕಸ ತೆಗೆದವಳು, ಅವಳ ಅಂಗಳದಲ್ಲಿ ಜೋಳ ಹಸನು ಮಾಡಿದವಳು. ಆ ಮನೆಯ ಹೆಂಗಸು ತನ್ನ ಹೊಸ್ತಿಲು ದಾಟುತ್ತಾಳೆಂದು ಕನಸಲ್ಲೂ ಎಣಿಸಿರಲಿಲ್ಲ. ಆಕೆ ತುಂಬಿದ ಹರಿವಾಣ ಹೊತ್ತು ತಿರುಗಿ ಹೋಗುವುದನ್ನು ನೋಡುತ್ತ ಕೂಡುವುದು ಅವಳಿಂದ ಆಗಲಿಲ್ಲ.

“ಕುಂದರ್ರಿ ಅವ್ವಾರ. ಮುತ್ತೈದಿ ತಂದ ಉಡಿ ಹಂಗಽ ತಿರುಗಿ ಹೋಗಬಾರದು. ಸೊಸಿ ಬ್ಯಾರೆ, ನಾ ಬ್ಯಾರೆ ಏನ್ರಿ? ಅಕಿ ಹೆಸರಿಲೆ ನಾ ಹಿಡೀತೇನಿ” ಎಂದು ಮಂಡಿಯೂರಿ ಸೆರಗು ಒಡ್ಡಿಯೇಬಿಟ್ಟಳು.

“ಅತ್ತೀ!” ಎಂದಳು ನೀಲಾ.

ದಾನವ್ವನ ಬೊಗಸೆಯಿಂದ ಅಕ್ಕಿ ಬೀಳತೊಡಗಿತ್ತು. ಹಣೆಗೆ ಕುಂಕುಮ ಹಚ್ಚಿ, ಹಸಿರು ಖಣ ಇಟ್ಟು, “ನಮ್ಮ ಮಾತು ನಿಮ್ಮ ಉಡ್ಯಾಗ ಐತಿ ನೋಡವಾ ಹುಲಿಗೆವ್ವಾ” ಎಂದಳು ದಾನವ್ವ. ಹುಲಿಗೆವ್ವ ಆಕೆಯ ಕಾಲು ಮುಟ್ಟಿದಳು. ಓಣಿಯವರೆಲ್ಲ ನೋಡಿದರು.

ಹೇಳಿದ ಸುಳ್ಳನ್ನು ನೀಲಾ ನಡೆಸಲೇಬೇಕಾಯಿತು. ಹಿತ್ತಲ ಕಟ್ಟೆಯ ಮೇಲೆ ಕುಳಿತು, ಮಂಡಿ ನೋವಿನ ಅತ್ತೆ ಹೊಗೆಯಲ್ಲಿ ಕೆಮ್ಮುತ್ತ ರೊಟ್ಟಿ ಬಡಿಯುವುದನ್ನೂ ಕೊಡ ಎತ್ತುವುದನ್ನೂ ನೋಡಿದಳು. ಸಿಟ್ಟೂ ಬರುತ್ತಿತ್ತು, ಅಯ್ಯೋ ಅನಿಸುತ್ತಲೂ ಇತ್ತು. ಎದ್ದು ಹೋಗಿ ಕೊಡ ಇಸಿದುಕೊಳ್ಳುವ ಹಾಗಿರಲಿಲ್ಲ.

ಮರುದಿನ ಹುಲಿಗೆವ್ವ ಉಡಿಯ ಅಕ್ಕಿಗೆ ಬೆಲ್ಲ ಹಾಕಿ ಅನ್ನ ಮಾಡಿದಳು. ಕೊಬ್ಬರಿ ತುರಿದು ಹಾಕಿದಳು. ಉಡಿ ಅಕ್ಕಿ ಮನೆಯವರೇ ಉಣ್ಣಬೇಕು, ಹೊರಗಿನವರಿಗೆ ಕೊಡಬಾರದು. ಗುರುಶಿದ್ದಪ್ಪ ಎರಡು ಸಲ ನೀಡಿಸಿಕೊಂಡ. ಮೈಲಾರಿ ಗಾಡಿ ನಿಲ್ಲಿಸಿ ಬಂದು ಉಂಡು ಹೋದ. ಹುಲಿಗೆವ್ವ ಕಟ್ಟೆಯ ಬಳಿ ಬಂದು ಸೊಸೆಯ ತಾಟಿಗೆ ಮೇಲಿಂದ ನೀಡಿದಳು.

“ನನಗ ಬ್ಯಾಡ್ರಿ.”

“ಉಡಿ ಅಕ್ಕಿ ಒಲ್ಲೆ ಅನಬಾರದು.”

“ಅದು ನನ್ನ ಉಡಿ ಅಲ್ಲ.”

“ನಿನ್ನ ಹೆಸರಿಲೆ ಹಿಡದೇನಿ.”

“ನನ್ನ ಕೇಳಿದ್ರೇನು?”

“ಏನ್ ಕೇಳೂದು? ಈ ಮನಿಗೆ ಕೊಡಾಗ ನನ್ನ ಯಾರು ಕೇಳಿದ್ರು? ನಿನ್ನ ಮೆಂಬರ್ ಮಾಡಾಗ ನಿನ್ನ ಯಾರು ಕೇಳಿದ್ರು? ಕೇಳಿ ಮಾಡಿದ್ದು ಈ ಮನ್ಯಾಗ ಯಾವುದೈತಿ ತೋರ್ಸು.” ಹುಲಿಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಳುವೋ ಹೊಗೆಯೋ ಹೇಳಲಾಗದು. “ನೀಲಾ, ನಮ್ಮಕ್ಕ ಹಿಂಗಽ ಉಡಿ ಹಿಡದು ಮಾತು ಮುರದ್ಲು. ವರ್ಷ ತುಂಬೂದ್ರಾಗ ಗಂಡ ಹೋದ.”

“ಅವ್ರು ಕುಡದು ಹೋದ್ರಿ.”

“ಹೆಂಗರ ಹೋಗ್ಲಿ, ಹೋದ ಇಲ್ಲೋ? ನನಗಿರೂದು ಒಬ್ಬಽ ಮಗ. ದಿನಾ ಆ ಹೈವೇದಾಗ ಗಾಡಿ ಹೊಡೀತಾನ.”

ಅತ್ತೆಯ ಹೆದರಿಕೆ ಸುಳ್ಳಲ್ಲವೆಂಬುದು ನೀಲಾಗೂ ಗೊತ್ತಿತ್ತು. ಶಾಲೆಯಿಂದ ಬಂದ ಸೃಷ್ಟಿ ತಾಟಿನ ಕಡೆ ನೋಡಿ, “ಅವ್ವಾ, ನೀ ಒಲ್ಲೆಂದ್ರ ನಾ ತಿನ್ಲಿ?” ಎಂದಳು. ನೀಲಾ ತಾಟು ಮಗಳ ಕಡೆ ಸರಿಸಿದಳು. ಹುಡುಗಿ ಅವ್ವನ ಪಾಲನ್ನೂ ಉಂಡು ಬೆರಳು ನೆಕ್ಕಿದಳು.

ಸುದ್ದಿ ತಗ್ಗಿನ ಹೆಂಗಸರಿಗೆ ಮುಟ್ಟಲು ಒಂದು ಮುಂಜಾವು ಸಾಕಾಯಿತು. ನೀಲಾ ಮಗಳ ಜೊತೆ ಹೋದಾಗ ಮೊದಲಿದ್ದ ಮಾತು ನಿಂತಿತು. ಬರುವಾಗ ಮೀರಾಬಿ ಅವಳ ಪಕ್ಕಕ್ಕೆ ಹೆಜ್ಜೆ ಹಾಕಿದಳು.

“ನಿಮ್ಮ ಮನಿ ಮಂದಿ ಉಡಿ ಅಕ್ಕಿ ಉಂಡ್ರಂತ?”

“ನಾ ಉಂಡಿಲ್ಲ ಮೀರಕ್ಕಾ. ನಾ ಹಿಡದೂ ಇಲ್ಲ. ನಮ್ಮತ್ತಿ ಹಿಡದಾರ.”

“ನಿನ್ನ ಹೆಸರಿಲೆ ಹಿಡದಾಳಂತ.”

“ಹೆಸರು ಅವರು ಇಟ್ಕೊಳ್ಳಿ. ಚೀಟಿ ಹಾಕಾಕಿ ನಾನಲ್ಲ? ನನ್ನ ಮಗಳಾಣಿ, ನಿಂಗಽ ಹಾಕ್ತೇನಿ.”

“ಮಗಳ ಆಣಿ ಮಾಡಬ್ಯಾಡ” ಎಂದಳು ಮೀರಾಬಿ ಗಡಬಡಿಸಿ. ಒಂದಿಷ್ಟು ದೂರ ಸುಮ್ಮನೆ ನಡೆದು, “ನಿನ್ನ ಮ್ಯಾಲೆ ಭರೋಸಾ ಐತಿ. ನೀ ಹೇಳಿದ್ದಕ್ಕಽ ನಾ ನಿಂತೇನಿ” ಎಂದಳು. ಆ ಸುಮ್ಮನಿದ್ದ ದೂರ ನೀಲಾಳ ಮನಸ್ಸಿಗೆ ನಾಟಿತು.

ಆಮೇಲಿನ ವಾರಗಳು ಮನೆಯಲ್ಲಿ ಕೆಟ್ಟದಾಗಿ ಕಳೆದವು. ಮೈಲಾರಿ ಹೆಂಡತಿಯ ಜೊತೆ ಮಾತು ಬಿಟ್ಟ. ಏನಾದರೂ ಬೇಕಾದರೆ ಮಗಳಿಗೆ ಹೇಳುತ್ತಿದ್ದ, “ನಿಮ್ಮವ್ವಗ ಚಾ ಮಾಡಂತ ಹೇಳು.” ಹೆಂಡತಿ ಎದುರಿಗೇ ಇರುತ್ತಿದ್ದಳು. ಗುರುಶಿದ್ದಪ್ಪ ಹೆಸರುಕಾಳಿನ ಹೊಲದಿಂದ ಬಂದವನೇ ದಿನವೂ ಕೇಳುತ್ತಿದ್ದ, “ಏನ್ ವಿಚಾರ ಮಾಡಿ?” ನೀಲಾ, “ಮಾಡೇನ್ರಿ” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಕಡೆಗೆ ಅವಳಿಗೂ ಜಗಳ ಬೇಜಾರಾಗಿ, ಚೀಟಿ ಗುಟ್ಟಾಗಿ ಹಾಕುವುದೆಂದು ತಿಳಿದಾಗ ನಿರಾಳವಾಯಿತು. ಇವರೆದುರು ಬಡಿದಾಡುವುದು ಯಾತಕ್ಕೆ, ಮಾಡುವುದನ್ನು ಮಾಡಿದರಾಯಿತು ಎಂದು ಬಾಯಿ ಮುಚ್ಚಿಕೊಂಡಳು. ಮನೆಯವರು ಅದನ್ನು ಒಪ್ಪಿಗೆ ಎಂದು ತಿಳಿದರು. ಮೈಲಾರಿ ಒಂದು ಸಂಜೆ ನೇರವಾಗಿ ಅವಳಿಗೇ ಚಹಾ ಕೇಳಿದ.

ಆಯ್ಕೆಯ ದಿನ ಪಂಚಾಯಿತಿಯ ಅಂಗಳ ತುಂಬಿತ್ತು. ತಾಲೂಕಿನಿಂದ ಬಂದ ಅಧಿಕಾರಿ ಬಿಗಿ ಮನುಷ್ಯ. ಮೆಂಬರುಗಳನ್ನು ಬಿಟ್ಟು ಉಳಿದವರೆಲ್ಲ ಹೊರಗೆ ಎಂದ. ಗುರುಶಿದ್ದಪ್ಪ ಟೋಪಿ ಸರಿ ಮಾಡಿಕೊಂಡು, “ನಾ ಮೆಂಬರ್ರ ಮಾವ ಅದೇನ್ರಿ” ಎಂದ. “ಮಾವಂದಿರಿಗೆ ಓಟಿಲ್ರಿ” ಎಂದ ಅಧಿಕಾರಿ. ಕುಬೇರಪ್ಪನೂ ಹೊರಗೆ ನಿಲ್ಲಬೇಕಾಯಿತು. ಒಳಗೆ ಒಂಬತ್ತೇ ಜನ ಕುಳಿತಾಗ ಕೋಣೆ ದೊಡ್ಡದಾದ ಹಾಗೆ ನೀಲಾಗೆ ಕಂಡಿತು.

ಚೀಟಿ ಹಾಕಲು ನಿಲ್ಲಿಸಿದ್ದ ರಟ್ಟಿನ ಮರೆಗೆ ಅವಳು ಹೋದಳು. ಲಗ್ನವಾಗಿ ಬಂದ ಮೇಲೆ ಯಾರನ್ನೂ ಕೇಳದೆ, ಯಾರೂ ನೋಡದ ಹಾಗೆ, ತಾನೇ ಎಣಿಸಿ ಮಾಡುತ್ತಿರುವ ಮೊದಲ ಕೆಲಸ ಅದಾಗಿತ್ತು. ಮೀರಾಬಿಯ ಹೆಸರಿನ ಮುಂದೆ ಗುರುತು ಒತ್ತಿ, ಚೀಟಿ ಮಡಚಿ ಡಬ್ಬಿಗೆ ಹಾಕಿದಳು. ಹೊರಗೆ ಬಂದು ಮೀರಾಬಿಯ ಕಡೆ ನೋಡಿ ನಕ್ಕಳು. ಮೀರಾಬಿಯೂ ನಕ್ಕಳು.

ಎಣಿಕೆ ಮುಗಿಯಲು ಹೊತ್ತೇನೂ ಹಿಡಿಯಲಿಲ್ಲ. ಶಾಂಭವಿಗೆ ಐದು, ಮೀರಾಬಿಗೆ ನಾಲ್ಕು.

ದಾಕ್ಷಾಯಿಣಿ “ಅಯ್ಯ ಶಿವನೇ!” ಎಂದು ಬಾಯಿಗೆ ಸೆರಗು ಹಿಡಿದು ಎಲ್ಲರಿಗಿಂತ ದೊಡ್ಡದಾಗಿ ಅತ್ತಳು. ಉಳಿದಿಬ್ಬರು ನೀಲಾಳತ್ತ ತಿರುಗಿದರು. ಎಲ್ಲರಿಗಿಂತ ಕೊನೆಗೆ ತಿರುಗಿದವಳು ಮೀರಾಬಿ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ಚೆನ್ನಾಗಿತ್ತು. “ಮೀರಕ್ಕಾ, ನಾ…” ಎನ್ನುವಷ್ಟರಲ್ಲಿ ಬಾಗಿಲು ತೆರೆದು ಗುಲಾಲು ಹಿಡಿದವರು ನುಗ್ಗಿದರು. ಹಾರ ಬಿದ್ದದ್ದು ಕುಬೇರಪ್ಪನ ಕೊರಳಿಗೆ. ಗೆದ್ದ ಶಾಂಭವಿ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಕುಬೇರಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದು ಗುರುಶಿದ್ದಪ್ಪನನ್ನು ತಬ್ಬಿಕೊಂಡ. ಗುಲಾಲು ಹಚ್ಚಿದ ಕೈಯಲ್ಲೇ ನೀಲಾಗೆ ನಮಸ್ಕಾರ ಮಾಡಿದ.

ಅಂದು ಮನೆಯಲ್ಲಿ ಹೋಳಿಗೆ. ಹುಲಿಗೆವ್ವ ಹೂರಣ ರುಬ್ಬಿ, ಮಂಡಿ ನೋವು ಮರೆತು ಓಡಾಡಿದಳು. ಗುರುಶಿದ್ದಪ್ಪ ಸೊಸೆಗೂ ತನ್ನ ಪಂಕ್ತಿಯಲ್ಲಿ ತಾಟು ಹಾಕಿಸಿದ. “ಕುಂದರು ನೀಲವ್ವಾ. ಇವತ್ತ ಮನಿ ಮರ್ಯಾದಿ ಉಳಿಸಿದಿ.”

ನೀಲಾ ಕುಳಿತಳು. ಹೋಳಿಗೆ ಮುಟ್ಟಲಿಲ್ಲ. “ನಾ ಮೀರಕ್ಕಗ ಹಾಕೇನ್ರಿ.”

ಎಲ್ಲರೂ ಅವಳನ್ನು ನೋಡಿದರು. ಮೊದಲು ನಕ್ಕವನು ಮೈಲಾರಿ. “ನೀ ಅಕಿಗೆ ಹಾಕಿದ್ರ ಶಾಂಭವಕ್ಕಗ ಐದು ಹೆಂಗ ಆತು?”

“ನನಗ ಗೊತ್ತಿಲ್ಲ. ಮತ್ತ್ಯಾರೋ ಹಾಕ್ಯಾರ.”

“ಉಡಿ ಹಿಡದ ಮನಿ ನಮ್ಮದು. ಮತ್ತ್ಯಾರು ಹಾಕ್ತಾರ?” ಎಂದ ಮಾವ.

“ದೇವರಾಣಿ ಮಾವಾರ. ನಾ ನಿಮ್ಮ ಮಾತು ಕೇಳಿಲ್ಲ. ನಾ ಮೀರಕ್ಕಗಽ ಹಾಕೇನಿ.”

ಗುರುಶಿದ್ದಪ್ಪ ಅವಳನ್ನು ಕಣ್ಣು ಸಣ್ಣದು ಮಾಡಿ ನೋಡಿದ. ಬಳಿಕ ಅವನ ಮುಖ ಅರಳಿತು. “ಛಲೋ ಆತು. ಓಣ್ಯಾಗ ಹಂಗಽ ಹೇಳು. ಮೀರಾಬಿ ಮುಂದೂ ಹಂಗಽ ಹೇಳು. ಅತ್ಲಾಗೂ ಬ್ಯಾಡಾಗಬಾರದು, ಇತ್ಲಾಗೂ ಬ್ಯಾಡಾಗಬಾರದು.” ಮಗನ ಕಡೆ ತಿರುಗಿ, “ನೋಡಲೇ, ಈಗ ಅಕಿ ಖರೇ ಮೆಂಬರ್ ಆದ್ಲು!” ಎಂದು ತೊಡೆ ತಟ್ಟಿ ನಕ್ಕ.

ನೀಲಾ ಕೈ ತೊಳೆದುಕೊಂಡು ಒಳಗೆ ಹೋದಳು. ಹುಲಿಗೆವ್ವ ಹಿಂದೆಯೇ ಬಂದಳು. ಒಲೆಯ ಮುಂದೆ ಸೊಸೆಯ ಗಲ್ಲ ಹಿಡಿದು ಮುಖ ಎತ್ತಿ ನೋಡಿದಳು. “ಖರೇ ಹೇಳು.”

“ಖರೇನಽ ಹೇಳೇನ್ರಿ.”

ಹುಲಿಗೆವ್ವ ನಂಬಿದಳು. ಊರಲ್ಲಿ ನಂಬಿದವಳು ಅವಳೊಬ್ಬಳೇ. ದೇವರ ಜಗುಲಿಯ ಕಡೆ ನೋಡಿ ಎರಡೂ ಕೆನ್ನೆ ಬಡಿದುಕೊಂಡು, ಪಿಸುಮಾತಿನಲ್ಲಿ, “ಇನ್ನ ಈ ಮಾತು ಬಾಯಾಗ ತರಬ್ಯಾಡ. ಮಂದಿ ಪಾಲಿಗೆ ಮಾತು ಉಳದೈತಿ. ಉಳೀಲಿ. ದೇವ್ರ ಹತ್ರ ನಾ ಬೇಡ್ಕೊಂತೇನಿ” ಎಂದಳು. ಆ ವಾರದಿಂದಲೇ ಸೋಮವಾರದ ಒಪ್ಪತ್ತು ಹಿಡಿದಳು. ಮಗನ ಗಾಡಿ ಬರುವುದು ಸ್ವಲ್ಪ ತಡವಾದರೂ ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಯಾಕೆಂದು ನೀಲಾಗೊಬ್ಬಳಿಗೇ ಗೊತ್ತು.

ನೀಲಾ ಮೀರಾಬಿಯ ಮನೆಗೆ ಹೋದಾಗ ಅವಳು ಬಳೆಗಳನ್ನು ಬಣ್ಣ ನೋಡಿ ದಾರಕ್ಕೆ ಪೋಣಿಸುತ್ತಿದ್ದಳು.

“ಮೀರಕ್ಕಾ, ನಾ ನಿಂಗಽ ಹಾಕೇನಿ.”

“ಉಳಿದ ಮೂರೂ ಮಂದಿ ಬಂದು ಹಂಗಽ ಹೇಳಿ ಹೋದ್ರು. ಕಡೀಕ ಬಂದಾಕಿ ನೀ.”

“ಮನ್ಯಾಗ ಬಿಟ್ಟಿದ್ದಿಲ್ಲ, ಇವತ್ತ ತಪ್ಪಿಸ್ಕೊಂಡು ಬಂದೇನಿ.”

“ಸೋತಿದ್ದಕ್ಕ ನನಗ ಸಿಟ್ಟಿಲ್ಲವಾ. ನ್ಯಾಯಕ್ಕ ಸೋತೇನಿ. ಮೊದಲಽ ಬಂದು, ಮೀರಕ್ಕಾ ಮನ್ಯಾಗ ಬಿಡವಲ್ರು, ಹಾಕಾಕ ಆಗೂದಿಲ್ಲ ಅಂದಿದ್ರ ನಿನ್ನ ಕೈ ಹಿಡದು ಅತ್ತು ಸುಮ್ಮನಾಗ್ತಿದ್ದೆ. ಮಗಳ ಆಣಿ ಮಾಡಿದೆಲ್ಲ, ಅದು ತಡಕೊಳ್ಳಾಕ ಆಗವಲ್ದು.”

“ಸುಳ್ಳ ಆಣಿ ಮಾಡೇನಂತೀಯೇನು?”

ಮೀರಾಬಿ ದಾರ ಗಂಟು ಹಾಕಿ ಹಲ್ಲಿನಿಂದ ಕತ್ತರಿಸಿದಳು. “ಹುಡುಗಿ ಚಂದಾಗಿರ್ಲಿ” ಎಂದಳು. ಇನ್ನೊಂದು ದಾರ ಎಳೆದುಕೊಂಡು ಪೋಣಿಸತೊಡಗಿದಳು. ಅಂದಿನಿಂದ ಓಣಿಯ ಹೆಂಗಸರು ಮುಂಜಾನೆ ನೀಲಾಳನ್ನು ಕೂಗದೆ ಹೊರಟುಬಿಡುತ್ತಿದ್ದರು. ತಾಯಿ ಮಗಳು ಇಬ್ಬರೇ ಹೋಗಿ ಬರತೊಡಗಿದರು.

ಶ್ರಾವಣ ಕಳೆಯಿತು. ದಾಕ್ಷಾಯಿಣಿಯ ಮನೆಯ ಮುಂದೆ ಹೊಸ ಲೈಟಿನ ಕಂಬ ಬಂತು. ಜನ ನೋಡಿದರು, ಬೆಳಕಾಯಿತು ಎಂದರು. ತಪ್ಪು ಯಾರದೆಂದು ಆಗಲೇ ಇತ್ಯರ್ಥವಾಗಿದ್ದ ಊರಿಗೆ ಮತ್ತೆ ವಿಚಾರ ಮಾಡುವ ಜರೂರು ಇರಲಿಲ್ಲ. ಹೊಸ ಅಧ್ಯಕ್ಷರ ಮೊದಲ ಸಭೆಯ ನೋಟೀಸು ಬಂದ ದಿನ ನೀಲಾ ಮಾವನ ಅಂಗಿಗೆ ಇಸ್ತ್ರಿ ಮಾಡಲು ಹೋದರೆ ಅವನು ಬೇಡವೆಂದ.

“ನಾ ಬರಂಗಿಲ್ಲ. ನೀನಽ ಹೋಗಿ ಬಾ. ಈಗ ನಿನ್ನ ಮ್ಯಾಲೆ ನನಗ ಭರೋಸಾ ಐತಿ.”

ಈ ಮಾತಿಗಾಗಿ ಅವಳು ಎರಡೂವರೆ ವರ್ಷ ಕಾದಿದ್ದಳು. ಈಗ ಕೇಳಿದಾಗ ಅಳು ಬಂತು. ಮಾವ ಅದನ್ನು ಸಂತೋಷವೆಂದು ತಿಳಿದು ಟೋಪಿ ಗೂಟಕ್ಕೆ ಹಾಕಿದ.

ಸಭೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಶಾಂಭವಿ, ಪಕ್ಕದ ಕುರ್ಚಿಯಲ್ಲಿ ಕುಬೇರಪ್ಪ. ಪಂಚಾಯಿತಿಯ ಅಧಿಕಾರಿ ಪಿಡಿಒ ಕೇಳುವುದು ಶಾಂಭವಿಯನ್ನು, ನೋಡುವುದು ಕುಬೇರಪ್ಪನನ್ನು. ಮೀರಾಬಿ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಇಷ್ಟು ದಿನ ನೀಲಾ ಕೂಡುತ್ತಿದ್ದ ಪಕ್ಕದ ಕುರ್ಚಿಯಲ್ಲಿ ಅವಳ ಚೀಲವಿತ್ತು.

ನೀಲಾ ಇಡೀ ರಾತ್ರಿ ವಿಚಾರ ಮಾಡಿ ಒಂದು ನಿಶ್ಚಯಕ್ಕೆ ಬಂದಿದ್ದಳು. ಇಂದು ಎದ್ದು ನಿಂತು ಮೊದಲು ಪಾಯಖಾನೆ ಕೇಳುವುದು. ಸಾವುಕಾರ ಮೊದಲಿನಂತೆ ನಕ್ಕು ತಳ್ಳಿಹಾಕುತ್ತಾನೆ. ಆಗ ಎಲ್ಲರೆದುರು ಅವನ ಜೊತೆ ಜಗಳಕ್ಕೆ ನಿಲ್ಲುವುದು. ಮೀರಾಬಿ ಕಣ್ಣಾರೆ ನೋಡಲಿ. ತನ್ನ ಸರದಿ ಬಂದಾಗ ನೀಲಾ ಎದ್ದಳು.

“ಪ್ಲಾಟ್ ಓಣಿ ಹೆಣ್ಮಕ್ಕಳಿಗೆ ಪಾಯಖಾನಿ ಆಗಬೇಕ್ರಿ. ಬೋರಿನ ನೀರು ಕೊಡಬೇಕು. ಇಷ್ಟ ದಿನ ಮುಂದ ಹಾಕೀರಿ, ಇನ್ನ ಬಿಡಂಗಿಲ್ಲ.”

ಕುಬೇರಪ್ಪ ನಗಲಿಲ್ಲ. ಕುರ್ಚಿಯಿಂದ ಮುಂದಕ್ಕೆ ಬಾಗಿ, “ಆಗ್ಲೆವಾ. ಇದಽ ತಿಂಗಳಾಗ ಕೆಲಸ ಚಾಲೂ ಮಾಡೂಣು” ಎಂದ. “ನಮ್ಮ ನೀಲವ್ವ ಕೇಳಿದ್ದು ಇಲ್ಲ ಅನ್ನಾಕ ಬರ್ತೈತೇನು? ಅಕಿ ನಮ್ಮ ಮಾತು ಉಳಿಸ್ಯಾಳ, ಅಕಿ ಮಾತು ನಾವು ಉಳಸ್ತೀವಿ. ಸಾಹೇಬ್ರ, ಬರಕೋರಿ ಠರಾವು.”

ಎಲ್ಲರೂ ನೀಲಾಳನ್ನು ನೋಡುತ್ತಿದ್ದರು. ‘ನಾ ನಿಮ್ಮ ಮಾತು ಉಳಿಸಿಲ್ರಿ, ನಾ ನಿಮಗ ಹಾಕಿಲ್ಲ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅದನ್ನು ಆಡಿದರೆ ಮೀರಾಬಿ ತಲೆ ಎತ್ತಿ ನೋಡುತ್ತಾಳೆ. ಪಿಡಿಒ ಪೆನ್ನು ಕೆಳಗಿಡುತ್ತಾನೆ. ಸಂಜೆಗೆ ಮೈಲಾರಿಯ ಕೈಯಿಂದ ಗಾಡಿಯ ಕೀಲಿ ಹೋಗುತ್ತದೆ. ನಾಳೆ ಮುಂಜಾನೆ ಸೃಷ್ಟಿ ಮತ್ತೆ ರಸ್ತೆಯ ಪಕ್ಕ, ಲಾರಿಯ ಬೆಳಕಿಗೆ ಎದ್ದು ನಿಲ್ಲುತ್ತಾಳೆ. ಓಣಿಯ ಹುಡುಗಿಯರೆಲ್ಲ ನಿಲ್ಲುತ್ತಾರೆ.

“ಏನವಾ, ಆತಿಲ್ಲೋ?” ಎಂದ ಕುಬೇರಪ್ಪ.

“ಆತ್ರಿ” ಎಂದಳು ನೀಲಾ.

“ಸೂಚಕರು ನೀಲಾ ಮೈಲಾರಿ” ಎಂದು ಪಿಡಿಒ ಬರೆದುಕೊಂಡ. “ಅನುಮೋದಕರು ಯಾರ್ರಿ?”

ನೀಲಾ ಕೊನೆಯ ಸಾಲಿನತ್ತ ನೋಡಿದಳು. ಮೀರಾಬಿ ಚೀಲ ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದಳು. ದಾಕ್ಷಾಯಿಣಿ ಲಗುಬಗೆಯಿಂದ ಕೈ ಎತ್ತಿ, “ನಾ ಅದೇನ್ರಿ, ನನ್ನ ಹೆಸರು ಬರ್ರಿ” ಎಂದಳು. ಯಾರದೂ ವಿರೋಧವಿರಲಿಲ್ಲ. ಮೀರಾಬಿ ಬಾಗಿಲು ದಾಟಿ ಮೆಟ್ಟಿಲಿಳಿದು ಹೋದಳು. ಪಿಡಿಒ ಕಾಗದ ಮುಂದೆ ಸರಿಸಿದಾಗ ನೀಲಾ ಸಹಿ ಮಾಡಿದಳು.